ಮೈನಸ್ ಆರು ತಾಸು

ಸುಧಾರಾಣಿ ಅವ್ವನ ರಟ್ಟೆ ಹಿಡಿದು ಮತ್ತೊಮ್ಮೆ ಎಬ್ಬಿಸಲು ನೋಡಿದಳು. ಹೊನ್ನವ್ವ ಅಡಿಗೆಮನೆಯ ಮೂಲೆ ಬಿಟ್ಟು ಅಲುಗಲಿಲ್ಲ. ಪಡಸಾಲೆಯಲ್ಲಿ ಅವಳ ಗಂಡ ಗುತ್ತೆಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಾರದಲ್ಲಿ ಗದ್ದ ಮುಳುಗಿತ್ತು. ಭಜನೆಯವರು ತಾಳ ಹಾಕುತ್ತಿದ್ದರು. ಮಧ್ಯಾಹ್ನ ಹೊಲದಲ್ಲಿ ಮಣ್ಣು ಮಾಡಬೇಕು. ಹೆಂಡತಿ ಬಂದು ವಿಭೂತಿ ಹಚ್ಚದೆ ಎತ್ತುವುದು ಹೇಗೆ?

“ನನಗ ಮುಖ ಇಲ್ಲವಾ,” ಎಂದಳು ಹೊನ್ನವ್ವ. “ನಾ ಶಿಗ್ಗಾಂವಿ ಸಂತ್ಯಾಗ ಕಾಯಿಪಲ್ಲೆ ಆರಿಸ್ಕೋತ ಕುಂತೆ. ಇಲ್ಲಿ ಅವರು ಒಬ್ಬರ ಸಂಕಟಪಟ್ಟು ಹೋದ್ರು. ಬಿಪಿ ಮಶೀನಿನ ಪಟ್ಟಿ ತೋಳಿನ್ಯಾಗ ಹಂಗ ಇತ್ತು.”

ನಿನ್ನೆ ಸಂಜೆ ನಾಲ್ಕೂವರೆಗೆ ಅವಳು ಮನೆಗೆ ಬಂದಾಗ ಗುತ್ತೆಪ್ಪ ಶಾಲು ಹೊದ್ದು ಮಲಗಿದ್ದ. “ಬಂದೆ ನೋಡ್ರಿ” ಎಂದು ಹೇಳಿ ಒಳಗೆ ಹೋಗಿ ಚಹಾಕ್ಕಿಟ್ಟಿದ್ದಳು. ಚಹಾ ತಂದಾಗ ಅವನು ಏಳಲಿಲ್ಲ. ಜೀವ ಹೋದದ್ದು ಮಧ್ಯಾಹ್ನದ ಮೇಲೆ ಯಾವಾಗಲೋ ಎಂದಷ್ಟೇ ಡಾಕ್ಟರು ಹೇಳಿದ್ದರು.

ಸವಣೂರಿನಿಂದ ಬಂದ ಮಲ್ಲಿಕಸಾಬ ಬಾಗಿಲಲ್ಲೇ ನಿಂತು ಇದನ್ನು ಕೇಳಿದ. ಹುಬ್ಬಳ್ಳಿಯ ಕಂಪ್ಯೂಟರ್ ಸೆಂಟರಿನಲ್ಲಿ ಗುತ್ತೆಪ್ಪನ ಜೊತೆ ನೌಕರಿ ಮಾಡಿದವನು ಅವನು.

“ವೈನಿ, ಆ ಮಶೀನ್ ಎಲ್ಲೈತ್ರಿ?”

ಸುಧಾರಾಣಿ ತಂದುಕೊಟ್ಟಳು. ಕೊನೆಯ ಸಲ ಬಿಪಿ ನೋಡಿದ್ದು ಬೆಳಗಿನ ಹನ್ನೊಂದಕ್ಕೆ ಎಂದು ಮಶೀನು ತೋರಿಸಿತು.

“ಹನ್ನೊಂದಕ್ಕ ನಾ ಸಂತ್ಯಾಗಿದ್ದೆ,” ಎಂದಳು ಹೊನ್ನವ್ವ.

“ಈ ಮಶೀನಿನ ಗಡಿಯಾರಕ್ಕ ಯಾರೂ ಟೈಮ್ ಹಚ್ಚಿಲ್ರಿ. ಆದ್ರ ತಪ್ಪು ಗಡಿಯಾರನೂ ಓಡೂದು ಸರಿನ ಓಡತೈತಿ.”

ಅವನು ಪಟ್ಟಿಯನ್ನು ತನ್ನ ತೋಳಿಗೆ ಸುತ್ತಿ ಗುಂಡಿ ಒತ್ತಿದ. ಮಶೀನಿನಲ್ಲಿ ಈಗ ಬೆಳಗಿನ ಐದು ಗಂಟೆ. ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತು.

“ಐದರಾಗ ಹನ್ನೊಂದು ಕಳದ್ರ... ಮೈನಸ್ ಆರು ತಾಸು.”

ಹೇಳಿದವನೇ ಸಾವಿನ ಮನೆ ಎಂಬುದನ್ನೂ ಮರೆತು ನಕ್ಕುಬಿಟ್ಟ. ಭಜನೆಯವರು ಹೊರಳಿ ನೋಡಿದರು.

*

ಹುಬ್ಬಳ್ಳಿಯ ನೌಕರಿ ಹಿಡಿದಾಗ ಗುತ್ತೆಪ್ಪ, ಮಲ್ಲಿಕಸಾಬ ಇಬ್ಬರಿಗೂ ಮೀಸೆ ಚಿಗುರುವ ವಯಸ್ಸು. ಕೋಣೆ ತುಂಬ ನಿಂತ ಮೇನ್‌ಫ್ರೇಮ್ ಕಂಪ್ಯೂಟರಿನ ಗಡಿಯಾರ ಪ್ರತಿ ಮಧ್ಯರಾತ್ರಿ ಸೊನ್ನೆಯಿಂದ ಎಣಿಕೆ ಶುರು ಮಾಡುತ್ತಿತ್ತು. ಮುಗಿದ ಹೊತ್ತಿನಲ್ಲಿ ಶುರುವಾದ ಹೊತ್ತನ್ನು ಕಳೆದು, ಒಂದೊಂದು ಕೆಲಸ ಎಷ್ಟು ಹೊತ್ತು ತಿಂದಿತೆಂದು ಬರೆಯುವುದು ಗುತ್ತೆಪ್ಪನ ಪಾಲಿಗೆ ಬಂದಿತ್ತು. ಒಂದು ದಿನ ಲೆಕ್ಕ ಮೈನಸ್ ಬಂತು. ಪುಣ್ಯಾತ್ಮ ಹಾಗೇ ಬರೆದು ಸಾಹೇಬರ ಮೇಜಿಗಿಟ್ಟ.

“ಏನಪಾ ಗುತ್ತೆಪ್ಪ, ಇದು ಶುರು ಆಗೂಕಿಂತ ಮೊದಲ ಮುಗದೈತೇನು?” ಎಂದರು ಸಾಹೇಬರು.

ಆಫೀಸಿಗೆ ಆಫೀಸೇ ನಕ್ಕಿತು. ಗುತ್ತೆಪ್ಪನೂ ಕಿವಿ ಕೆಂಪಗೆ ಮಾಡಿಕೊಂಡು ನಕ್ಕ.

“ನಡುವ ರಾತ್ರಿ ಹನ್ನೆರಡು ದಾಟೇತ್ರಿ ಸರ. ಒಂದು ದಿನ ಕೂಡಿಸೂದು ಮರತೆ.”

ಅಲ್ಲಿಂದ ಮುಂದೆ ಮನೆಯಲ್ಲಿ ಯಾರು ಸೋತು ಕೂತರೂ ಅವನದು ಅದೇ ಮಾತು, ಒಂದು ದಿನ ಕೂಡಿಸಿ ನೋಡ್ರಿ ಎಂದು.

*

“ಈ ಮಶೀನಿನ್ಯಾಗೂ ನಡುವ ದಿನ ದಾಟೇತ್ರಿ ವೈನಿ,” ಮಲ್ಲಿಕಸಾಬ ಕಣ್ಣೊರೆಸಿಕೊಂಡ. “ಒಂದು ದಿನ, ಅಂದ್ರ ಇಪ್ಪತ್ನಾಕು ತಾಸು ಕೂಡಿಸಿದ್ರ ಹದಿನೆಂಟು ತಾಸು ಆತು. ಈಗಿಂದ ಅಷ್ಟು ಹಿಂದ ಹೋಗ್ರಿ.”

ಸುಧಾರಾಣಿ ಬೆರಳು ಮಡಚಿದಳು. “ನಿನ್ನಿ ಸಂಜಿ ನಾಕು ನಲವತ್ತು. ಯವ್ವಾ, ಆಗ ನೀ ಮನ್ಯಾಗ ಇದ್ದಿ.”

ಹೊನ್ನವ್ವ ಒಲೆಯ ಕಡೆ ಹೊರಳಿ ನೋಡಿದಳು.

“ಚಾಕ್ಕಿಟ್ಟ ಸಪ್ಪಳ ಕೇಳಿದ್ರ ಸಾಕು, ಪಟ್ಟಿ ಕಟ್ಕೊಂತಿದ್ರು,” ಎಂದಳು. “ಚಾ ಕುಡದ ಮ್ಯಾಲ ಬಿಪಿ ಏರತೈತಿ, ಮೊದಲ ನೋಡ್ಕೋಬೇಕು ಅಂತಿದ್ರು. ಅಂದ್ರ ನಾ ಬಂದದ್ದು ಅವರಿಗೆ ಗೊತ್ತಾಗಿತ್ತು.”

“ಗೊತ್ತಾಗಿತ್ರಿ. ಸಂಕಟ ಆಗಿದ್ರ ಕರೀತಿದ್ದ. ನೀವು ಅಷ್ಟ ಹತ್ತರ ಇದ್ರಿ.”

ಹೊನ್ನವ್ವ ಗೋಡೆ ಹಿಡಿದು ಎದ್ದಳು. ಪಡಸಾಲೆಗೆ ಬಂದು ಗಂಡನ ಹಣೆಗೆ ವಿಭೂತಿ ಎಳೆದಳು, ಮೂಗಿನ ಮೇಲೆ ಉದುರಿದ್ದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಪಕ್ಕದಲ್ಲಿ ಕುಳಿತು ಅವನ ಕಿವಿಗೆ ಬಾಗಿದಳು.

“ಬದನಿಕಾಯಿ ಎಲ್ಲಾ ಹುಳಕ ಇದ್ವುರಿ. ಹೀರಿಕಾಯಿ ತಂದೇನಿ.”

ಭಜನೆಯವರು ತಾಳ ನಿಲ್ಲಿಸಿ, ಅವಳು ಸಂತೆಯ ಸುದ್ದಿ ಹೇಳಿ ಮುಗಿಸುವವರೆಗೆ ಕಾದರು.