ಸಾವಂತ್ರೆವ್ವ ಎಳೆದಾಡಿದ ಸಲಾಯಿನ್ ಸ್ಟ್ಯಾಂಡು

ನಾನು ಒಂದು ಸಲಾಯಿನ್ ಸ್ಟ್ಯಾಂಡು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ, ಗದ್ದಲದ ನಡುವೆ ಹುಟ್ಟಿದೆ. ಉಕ್ಕಿನ ಕೊಳವೆಯ ಮೈ, ತಲೆಗೆ ನಾಲ್ಕು ಕೊಕ್ಕೆ, ಕಾಲಿಗೆ ಐದು ಗಾಲಿ. ಗಾಲಿ ಜೋಡಿಸಿದವನು ಒಂದೆಡೆ ನಿಲ್ಲುವ ಸುಖವನ್ನು ಮಾತ್ರ ಕೊಡಲಿಲ್ಲ.

ಮೊದಲ ಎರಡು ವರ್ಷ ಹೆರಿಗೆ ವಾರ್ಡಿನಲ್ಲಿದ್ದೆ. ಅಲ್ಲಿಗೆ ಬಂದವರು ಕೂಸು ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಆಮೇಲೆ ಆಸ್ಪತ್ರೆಯವರು ನನ್ನನ್ನು ಕೀಮೋ ವಾರ್ಡಿಗೆ ತಳ್ಳಿದರು. ಇಲ್ಲಿ ಬಂದವರು ಮೂರು ವಾರಕ್ಕೊಮ್ಮೆ ಮತ್ತೆ ಬರಬೇಕು.

ಸಾವಂತ್ರೆವ್ವ ಗದಗಿನಲ್ಲಿ ಖಾನಾವಳಿ ನಡೆಸುವ ಹೆಂಗಸು. ಮೊದಲ ದಿನ ಡಾಕ್ಟರು ಮಂಚದ ಬಳಿ ನಿಂತು, "ಇದಕ್ಕ ಸ್ಮಾಲ್ ಸೆಲ್ ಅಂತಾರ್ರೀ. ಸಣ್ಣ ಕಣದ ಕ್ಯಾನ್ಸರ್. ಶ್ವಾಸಕೋಶದಾಗ ಆಗೇತಿ," ಎಂದರು. ಮುಂದಿನ ಮಾತು ಅವಳ ಕೆಮ್ಮಿನಲ್ಲಿ ಮುಳುಗಿತು. ಅವಳ ಕಿವಿಯಲ್ಲಿ ನಿಂತದ್ದು ಒಂದೇ ಶಬ್ದ.

"ಕೇಳಿದ್ರೇನ? ಸಣ್ಣದಂತ!" ಎಂದು ಗಂಡ ಬಾಳಪ್ಪನತ್ತ ತಿರುಗಿ ನಕ್ಕಳು.

ಡಾಕ್ಟರು ಬಾಳಪ್ಪನನ್ನು ಬಾಗಿಲಿಗೆ ಕರೆದು ಉಳಿದದ್ದನ್ನು ಹೇಳಿದರು. ಕಣ ಸಣ್ಣದು, ರೋಗ ಸಣ್ಣದಲ್ಲ. ಅಪರೂಪದ್ದು, ಓಡುವ ರೋಗ. ಔಷಧಕ್ಕೆ ಬೇಗ ಬಗ್ಗುತ್ತದೆ, ನಡುವೆ ಬಿಟ್ಟರೆ ಅಷ್ಟೇ ಬೇಗ ಏಳುತ್ತದೆ. ಕೀಮೋದ ಆರು ಸುತ್ತೂ ಆಗಲೇಬೇಕು. ಬಾಳಪ್ಪ ತಲೆಯಾಡಿಸಿದ. ಒಳಗೆ ಬಂದು ಹೆಂಡತಿಗೆ ಒಂದಕ್ಷರ ಹೇಳಲಿಲ್ಲ. ಹೇಡಿ! ನನಗೆ ಬಾಯಿದ್ದಿದ್ದರೆ ಅವತ್ತೇ ಕೂಗಿಬಿಡುತ್ತಿದ್ದೆ.

ಪ್ರತಿ ಸುತ್ತಿಗೂ ಮೂರು ದಿನ. ಮೊದಲು ಸಲಾಯಿನ್, ಆಮೇಲೆ ಬೆಳಕು ತಾಗದಂತೆ ಕಪ್ಪು ಚೀಲ ಹೊದಿಸಿದ ಔಷಧ. ಗಂಟೆಗಟ್ಟಲೆ ಹನಿ. ಅವಳು ಹತ್ತು ನಿಮಿಷ ಮಲಗಿದರೆ ಹೆಚ್ಚು. ನನ್ನ ಕುತ್ತಿಗೆ ಹಿಡಿದು ಪಾಯಖಾನೆಗೆ, ಕಿಟಕಿಗೆ, ಪಕ್ಕದ ಮಂಚಕ್ಕೆ ಎಳೆಯುತ್ತಿದ್ದಳು. "ನಿಮ್ಮದು ದೊಡ್ಡದೇನ್ರೀ? ನಂದು ಸಣ್ಣದ," ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ವಾಂತಿ ಬಂದಾಗ ನನ್ನನ್ನೇ ಬಯ್ಯುತ್ತಿದ್ದಳು: "ಕುಂಟ ಮೂಳಾ, ನೆಟ್ಟಗ ನಡಿ!"

ಎರಡನೇ ಸುತ್ತಿಗೆ ಕೂದಲು ಹೋಯಿತು. ಕೆಮ್ಮೂ ಹೋಯಿತು. ಅದೇ ಎಡವಟ್ಟಾಯಿತು.

ಮೂರನೇ ಸುತ್ತಿನ ದಿನ ಅವಳು ಬುಟ್ಟಿ ತುಂಬ ಶೇಂಗಾ ಹೋಳಿಗೆ ತಂದು ವಾರ್ಡಿಗೆಲ್ಲ ಹಂಚಿದಳು. "ಸಿಸ್ಟರ್, ನನ್ನ ಫೈಲ್ ಕೊಡ್ರಿ. ಸಣ್ಣ ಬ್ಯಾನಿ, ಎರಡಕ್ಕ ಮುಗೀತು. ಖಾನಾವಳಿ ಬಾಗಲಾ ಹಾಕಿ ಬಂದೇನಿ."

ಸಿಸ್ಟರ್ ಫಿಲೋಮಿನಾ ಬಾಳಪ್ಪನ ಮುಖ ನೋಡಿದರು. "ನೀವು ಹೇಳಿಲ್ಲೇನ್ರೀ?"

ಬಾಳಪ್ಪ ನನ್ನನ್ನು ಎಳೆದು ಬಾಗಿಲಿಗೆ ಅಡ್ಡ ನಿಲ್ಲಿಸಿದ. ನನ್ನ ಕೊಕ್ಕೆಗಳೆಲ್ಲ ಗಲಗಲ ಎಂದವು.

"ಸಣ್ಣದಲ್ಲ," ಎಂದ. "ಕಣ ಸಣ್ಣದೈತಿ. ಬ್ಯಾನಿ ಹುಲಿ ಐತಿ. ಬಿಟ್ಟು ಹೋದ್ರ ತಿರುಗಿ ಬರತೈತಿ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಊರಿಗೆಲ್ಲ ಹೇಳಿ ನಗತಿದ್ದಿ. ನನಗ ಬಾಯಿ ಬರಲಿಲ್ಲ."

ಉಳಿದಿದ್ದ ಹೋಳಿಗೆಯನ್ನು ಅವಳು ಅವನ ಎದೆಗೆ ಎಸೆದಳು. "ಸಾರಿಗೆ ಉಪ್ಪು ಹೆಚ್ಚಾದ್ರ ಗಿರಾಕಿ ಮುಂದ ಒದರಾಂವ, ಸಾವು ಬಂದ್ರ ಮುಚ್ಚಿಡತಿ? ಎಂಥಾ ಗಂಡಸೋ ನೀ!"

ಖಾಲಿ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ ಕುಳಿತಳು. ತೋಳು ಚಾಚಿದಳು. "ಚುಚ್ಚರಿ, ಸಿಸ್ಟರ್."

ಆರೂ ಸುತ್ತು ಮುಗಿದವು. ಉಳಿದ ನಾಲ್ಕರಲ್ಲಿ ಪ್ರತಿ ಬಾಟಲಿಗೂ ಇದೇನು, ಯಾಕೆ ಎಂದು ಕೇಳಿ ಎಲ್ಲರ ಪ್ರಾಣ ತಿಂದಳು.

ಹತ್ತು ತಿಂಗಳಿಗೆ ರೋಗ ಮರಳಿತು. ಬೇರೆ ಔಷಧ ಕೊಟ್ಟರು, ಬಗ್ಗಲಿಲ್ಲ. ಅವಳು ಡಾಕ್ಟರನ್ನು ಮಂಚದ ಮೇಲೆ ಕೂಡಿಸಿಕೊಂಡು ಕೇಳಿದಳು: ಇದರಿಂದ ಎಷ್ಟು ದಿನ ಹೆಚ್ಚು ಸಿಗುತ್ತವೆ, ಅದರಲ್ಲಿ ಎಷ್ಟು ಇಲ್ಲೇ ಮಲಗಿ ಹೋಗುತ್ತವೆ? ಅವರು ಮುಚ್ಚಿಡದೆ ಹೇಳಿದರು.

"ಹಂಗಾದ್ರ ಸಾಕ್ರಿ. ನಾ ಮನಿಗೆ ಹೊಂಟೆ."

ಬಾಳಪ್ಪ ನನ್ನನ್ನು ಗೋಡೆಗೆ ಸರಿಸಿ ಅವಳಿಗೆ ದಾರಿ ಬಿಟ್ಟ. ಅಳುತ್ತಿದ್ದ, ಆದರೆ ಬಿಟ್ಟ.

ಈಗ ನಾನು ಗಾಲಿ ಕಳಚಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮುರಿದ ಕುರ್ಚಿಗಳ ಜೊತೆ ಬಿದ್ದಿದ್ದೇನೆ. ಸಾವಂತ್ರೆವ್ವ ಎಲ್ಲ ತಿಳಿದೇ ಮನೆಗೆ ಹೋದಳು, ಅಷ್ಟಕ್ಕೆ ನನಗೆ ಸಮಾಧಾನವಾಗಬೇಕಿತ್ತು. ಆಗಿಲ್ಲ. ಅವಳಿಗೆ ಮನೆಯಲ್ಲಿ ಎಷ್ಟು ದಿನ ಸಿಕ್ಕವು ಎಂದು ಈ ಕೋಣೆಗೆ ಬಂದು ಯಾರೂ ಹೇಳುವುದಿಲ್ಲ. ನಾಳೆ ಗುಜರಿಯವನ ಗಾಡಿ ಬರುತ್ತದಂತೆ. ಅದು ಗದಗಿನ ಕಡೆ ಹೋಗುವುದಾದರೆ ಜಗಳವಿಲ್ಲದೆ ಹತ್ತುತ್ತೇನೆ.