ಮನೋಲ್ ಕೊರೆದ ತೂತು

ಮಗಳ ಮದುವೆ ದಿನ ಬೆಳಗ್ಗೆ ಗೈದಾ ಎತ್ಕೊಂಡು, ಆ ಮೇಕೆ ಚರ್ಮದ ತಿತ್ತಿ ವಾದ್ಯದ ಕೊಳವೆ ಮೇಲೆ ಬೆರಳು ಇಟ್ಟ ತಕ್ಷಣ ರಾಯ್ಚೋಗೆ ಗೊತ್ತಾಗಿ ಹೋಯ್ತು. ಊದಿ ನೋಡೋದೇ ಬೇಕಿರಲಿಲ್ಲ. ಬಲಗೈ ತೋರುಬೆರಳಿನ ಕೆಳಗಿನ ತೂತು ಅಗಲ ಆಗಿತ್ತು. ಮೊದಲು ಅವನ ಅಪ್ಪನ ಬೆರಳು, ಆಮೇಲೆ ಅವನ ಬೆರಳು ಸವೆದೂ ಸವೆದೂ ಆ ತೂತಿನ ಬಾಯಿ ಹಳೇ ಮರದ ಸೌಟಿನ ಥರ ನುಣ್ಣಗಾಗಿತ್ತು. ಈಗ ಅಂಚು ಚರ್ಮಕ್ಕೆ ಚುಚ್ತು. ಕಿಟಕಿ ಹತ್ರ ಹೋಗಿ ನೋಡಿದ. ಕಪ್ಪು ಮರದ ಮಧ್ಯೆ ಹೊಸ ಮರದ ಬಿಳುಪು, ಕಡಿದ ಮೂಳೆ ಹಾಗೆ.

ಯಾರೋ ಕೊರೆದಿದ್ದಾರೆ.

ಯಾರೋ ಅಂತ ಯಾಕೆ ಹೇಳ್ಬೇಕು. ಊರಲ್ಲಿ ಆ ಕೊಳವೆ ಮುಟ್ಟೋ ಧೈರ್ಯ ಇದ್ದೋನು ಒಬ್ಬನೇ, ಅವನ ಖಾಸಾ ತಮ್ಮ ಮನೋಲ್. ಹಿಂದಿನ ವಾರ ಬಂದು, ಅಣ್ಣ, ನಿಂಗೆ ಕುರಿ ಕುಯ್ಯೋ ಕೆಲಸ ಇದೆ, ಹೆಂಡ ಇಳಿಸೋ ಕೆಲಸ ಇದೆ, ಗೈದಾ ನಂಗೆ ಕೊಡು, ಕೊಳವೆಗೆ ಆಕ್ರೋಟಿನ ಎಣ್ಣೆ ತಿನ್ನಿಸಿ ತಂದುಕೊಡ್ತೀನಿ ಅಂದಿದ್ದ. ಎಷ್ಟು ಒಳ್ಳೆ ತಮ್ಮ ಅಂತ ರಾಯ್ಚೋ ಹೆಂಡತಿ ದೋನ್ಕಾ ಮುಂದೆ ಹೊಗಳಿಯೂ ಬಿಟ್ಟಿದ್ದ, ಮುಠ್ಠಾಳ.

ಗೈದಾನ ಕಂಕುಳಲ್ಲಿ ಇರುಕ್ಕೊಂಡು ಅಂಗಳಕ್ಕೆ ಇಳಿದ. ಮನೋಲ್ ಅಲ್ಲಿ ಕೆಂಡದ ಮೇಲೆ ಇಡೀ ಕುರಿಮರಿ ತಿರುಗಿಸ್ತಾ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಮದುವೆ ಮನೆ ಕಳೆ. ರಾಯ್ಚೋ ಕೊಳವೇನ ಅವನ ಮೂಗಿನ ಹತ್ರ ಹಿಡಿದ.

"ಇದೇನೋ ಇದು?"

ಮನೋಲ್ ಸುಳ್ಳು ಹೇಳಲಿಲ್ಲ, ಅದೊಂದು ಒಪ್ಪಬೇಕು. ಸರಿ ಮಾಡ್ದೆ ಅಣ್ಣ ಅಂದ. ಈ ತೂತಿನ ಸ್ವರ ತಗ್ಗಿತ್ತು, ಗಂಡಿನ ಕಡೆಯೋರು ಪೇಟೆಯಿಂದ, ಪ್ಲೊವ್ದಿವ್‌ನಿಂದ ಅಕಾರ್ಡಿಯನ್, ಕ್ಲಾರಿನೆಟ್ ಎಲ್ಲ ಕರ್ಕೊಂಡು ಬರ್ತಿದ್ದಾರೆ, ಅವರ ಜೊತೆ ಕೂಡ್ಬೇಕಲ್ಲ, ಅದಕ್ಕೆ ಒಂದು ಎಳೆಯಷ್ಟು ಏರಿಸ್ದೆ ಅಂದ.

ಈ ಮನೋಲ್ ಶಾಲೆ ಮಕ್ಕಳಿಗೆ ಗೈದಾ ಕಲಿಸ್ತಾನೆ. ಇಡೀ ಒಂದು ಹಿಂಡು ಮಕ್ಕಳು, ಎಲ್ಲರದ್ದೂ ಒಂದೇ ಅಳತೆ ಕೊಳವೆ, ಎಲ್ಲರ ಬೆರಳೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು, ಸಿಪಾಯಿಗಳ ಬೂಟಿನ ಹಾಗೆ. ಒಬ್ಬ ಹುಡುಗ ತನ್ನ ತಾತನ ಥರ ಒಂದು ಕೊಂಕು ಸೇರಿಸಿದರೆ, ತೆಗಿ ಅದನ್ನ, ಕೊಳಕು ಅಂತಾನೆ. ಅದು ಅವನ ಶಾಲೆ, ಏನಾದ್ರೂ ಮಾಡ್ಕೊಳ್ಲಿ ಅಂತ ರಾಯ್ಚೋ ಬಾಯಿ ಮುಚ್ಕೊಂಡಿದ್ದ. ಈಗ ಬಂದು ಅಪ್ಪನ ಕೊಳವೆಗೇ ಬೈರಿಗೆ ಹಾಕಿದ್ದಾನೆ.

"ತಗ್ಗಿತ್ತಂತೆ," ಅಂದ ರಾಯ್ಚೋ. "ಅಪ್ಪ ಕಿವುಡ, ತಾತ ಕಿವುಡ, ನಾನು ಕಿವುಡ. ನಮ್ಮ ವಂಶದಲ್ಲಿ ಕಿವಿ ಇಟ್ಕೊಂಡು ಹುಟ್ಟಿದವನು ನೀನೊಬ್ಬನೇ, ಅಲ್ವೇನೋ?"

"ಹೋದ ವರ್ಷ ನಮ್ಮೂರ ಮಿಲ್ಕಾ ಮಗಳ ಮದುವೇಲಿ ನೀನು ಬಾರಿಸುವಾಗ, ಇವತ್ತು ಬರ್ತಿರೋ ಇದೇ ಕ್ಲಾರಿನೆಟ್‌ನೋನು ಕಿವಿಗೆ ಬೆರಳಿಟ್ಕೊಂಡ, ಅಣ್ಣ. ಮೇಕೆ ಇನ್ನೂ ಸತ್ತಿಲ್ವಾ ಅಂತ ಕೇಳ್ದ. ಎಲ್ರೂ ನಕ್ರು. ನೀನು ಕಣ್ಣು ಮುಚ್ಕೊಂಡಿದ್ದೆ, ನಿಂಗೆ ಕಾಣಲಿಲ್ಲ. ನಂಗೆ ಕಾಣ್ತು."

ಆ ಮಾತಿಗೆ ರಾಯ್ಚೋನ ಸಿಟ್ಟು ಇಳೀಲಿಲ್ಲ, ಬೆಂಕಿಗೆ ಕೊಬ್ಬು ತೊಟ್ಟಿಕ್ಕಿದ ಹಾಗೆ ಇನ್ನೂ ಭುಗಿಲ್ ಅಂತು. ಯಾವನೋ ನಕ್ಕ ಅಂತ ನಿನ್ನ ಮನೆ ಬಾಗಿಲು ಕಿತ್ತು ಹಾಕ್ತೀಯಾ ಅಂದ. ಇನ್ನೂ ಏನೇನೋ ಅಂದ, ಅದರಲ್ಲಿ ಕೆಲವು ಮಾತು ನನ್ನ ಸತ್ತ ಅಪ್ಪನ ಮೇಲಾಣೆ, ನಾನು ಇಲ್ಲಿ ಹೇಳಲ್ಲ. ದೋನ್ಕಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ಇಬ್ಬರ ಮಧ್ಯೆ ನಿಂತಳು. ಕುರಿ ಸೀದು ಹೋಗ್ತಿದೆ, ಮೊದಲು ಅದನ್ನ ತಿರುಗಿಸಿ, ಆಮೇಲೆ ಹೊಡೆದಾಡಿ ಸಾಯಿರಿ ಅಂದಳು.

ಅಕಾರ್ಡಿಯನ್ ಜೊತೆ ಕೂಡಿದ್ರೆಷ್ಟು ಬಿಟ್ಟರೆಷ್ಟು. ರಾಯ್ಚೋಗೆ ಇದ್ದ ಭಯವೇ ಬೇರೆ. ಅವನ ಅಮ್ಮ, ಶಿಂಕಾ ಮುದುಕಿ.

ನಮ್ಮ ಈ ಬೆಟ್ಟದ ಊರುಗಳಲ್ಲಿ ಹೆಣ್ಣು ಗಂಡನ ಮನೆಗೆ ಹೊರಡುವಾಗ ಮನೇಲಿರೋ ಹಿರಿ ಹೆಂಗಸು ಹೊಸ್ತಿಲ ಹಾಡು ಹಾಡ್ಬೇಕು. ಹಾಡು ಮುಗಿಯೋ ತನಕ ಹುಡುಗಿ ಬಲಗಾಲು ಆಚೆ ಇಡೋ ಹಾಗಿಲ್ಲ, ಗಂಡಿನ ಕಡೆ ಮದುವೆ ಬಾವುಟ ಹಿಡಿದೋನು ಬಿಸಿಲಲ್ಲಿ ಬೇಯ್ತಾ ನಿಂತಿರಬೇಕು. ಶಿಂಕಾ ಆ ಹಾಡನ್ನ ತನ್ನ ಹೆಣ್ಣುಮಕ್ಕಳಿಗೆಲ್ಲ ಹಾಡಿದ್ದಳು. ಮೊಮ್ಮಕ್ಕಳಲ್ಲಿ ಈ ಮದುವೆ ಹುಡುಗಿ ರೂಸಾ ಒಬ್ಬಳೇ ಹೆಣ್ಣು. ಇದೇ ಕೊನೇದು ಅಂತ ಮುದುಕಿಗೂ ಗೊತ್ತು, ಊರಿಗೂ ಗೊತ್ತು. ಚಳಿಗಾಲ ಪೂರ್ತಿ ಕೆಮ್ಮಿ ಹಾಸಿಗೆ ಹಿಡಿದಿದ್ದೋಳು ಈ ಒಂದು ಹಾಡಿಗೆ ಅಂತ ಎದ್ದು ಕೂತಿದ್ದಳು.

ಆ ಹಾಡಿನ ಜೀವ ಇರೋದು ಅದೇ ತೂತಿನ ಸ್ವರದಲ್ಲಿ. ಮೇಲಿನ ಮನೇದೂ ಅಲ್ಲ, ಕೆಳಗಿನ ಮನೇದೂ ಅಲ್ಲ, ಮೆಟ್ಟಿಲ ಮೇಲೆ ನಿಂತ ಸ್ವರ. ಅಳು ಬರೋಕೆ ಮುಂಚೆ ಗಂಟಲು ಎಲ್ಲಿ ಹಿಡ್ಕೊಳ್ಳುತ್ತೋ, ಅಲ್ಲಿ. ಮುದುಕಿ ಹಾಡಿನ ಉದ್ದಕ್ಕೂ ಮತ್ತೆ ಮತ್ತೆ ಅಲ್ಲಿಗೇ ಬಂದು ಕೂರ್ತಾಳೆ. ಗೈದಾ ಬೇರೆ ಕಡೆ ಕೂತ್ರೆ ಹಾಡೋರು ಎಲ್ಲಿ ಕೂರಬೇಕು?

ರಾಯ್ಚೋ ಚರ್ಚಿನ ಮೇಣದ ಬತ್ತಿ ಮುರಿದು, ಬೆರಳಲ್ಲಿ ನಾದಿ, ತೂತಿನ ಅಂಚಿಗೆ ಮೆತ್ತಿದ. ಮೇಣ ಹಚ್ಚಿ ಸ್ವರ ಇಳಿಸೋದು ಹೊಸದೇನಲ್ಲ, ಎಲ್ಲರೂ ಮಾಡ್ತಾರೆ. ಆದರೆ ಮನೋಲ್ ಒಳಗಡೆಯಿಂದಲೂ ಕೆರೆದಿದ್ದ, ಮೇಣ ಕಚ್ಕೊಳ್ಳೋಕೆ ಜಾಗವೇ ಇರಲಿಲ್ಲ. ಅಷ್ಟೋ ಇಷ್ಟೋ ನಿಲ್ಲಿಸಿದ. ಅಮ್ಮನಿಗೆ ಹೇಳೋದು ಬೇಡ ಅಂತ ದೋನ್ಕಾಗೆ ಕಣ್ಣಲ್ಲೇ ಸನ್ನೆ ಮಾಡ್ದ.

ಮಧ್ಯಾಹ್ನ ಗಂಡಿನ ಕಡೆಯೋರು ಬಂದರು. ಅಂಗಳ ತುಂಬಾ ಪೇಟೆ ಚಪ್ಪಲಿ, ಪೇಟೆ ಸೆಂಟು. ಅವರ ವಾದ್ಯದೋರು ಬೇಲಿ ಪಕ್ಕ ನೆರಳು ಹಿಡಿದು ಕೂತರು. ರೂಸಾ ಬಾಗಿಲ ಒಳಗೆ ಕೆಂಪು ಮುಸುಕು ಹೊದ್ದು ನಿಂತಳು. ಶಿಂಕಾ ಹೊಸ್ತಿಲ ಪಕ್ಕ ಕುರ್ಚಿ ಮೇಲೆ. ರಾಯ್ಚೋ ತಿತ್ತಿಗೆ ಗಾಳಿ ತುಂಬಿ ಮೊಣಕೈ ಒತ್ತಿದ, ಶ್ರುತಿ ಕೊಳವೆ ಗುಂಯ್ ಅಂತ ಎದ್ದಿತು. ಹಾಡಿಗೆ ಮುಂಚೆ ದಾರಿ ತೋರಿಸೋಕೆ ಅಂತ ಒಂದು ಸುತ್ತು ಬಾರಿಸ್ದ.

ಬಿಸಿಲಿಗೆ ಮೇಣ ಮೆತ್ತಗಾಗ್ತಿತ್ತು. ಬೆರಳು ಎತ್ತಿದಾಗೆಲ್ಲ ಅಂಟಿ ಅಂಟಿ ಬರ್ತಿತ್ತು, ಕಡೆಗೊಂದು ಸಲ ಬೆರಳ ಜೊತೆಗೇ ಕಿತ್ತು ಬಂತು. ಸ್ವರ ಚಂಗನೆ ಮೇಲಕ್ಕೆ ಹಾರಿತು, ಸಾಪು ಸಪಾಟಾಗಿ, ಥೇಟ್ ಅಕಾರ್ಡಿಯನ್ ಹಾಗೆ. ಬೇಲಿ ಪಕ್ಕ ಕ್ಲಾರಿನೆಟ್‌ನೋನು ತಲೆ ಆಡಿಸಿ ಮೆಚ್ಚಿದ.

ಶಿಂಕಾ ಕೈ ಎತ್ತಿದಳು. ರಾಯ್ಚೋ ನಿಲ್ಲಿಸಿದ.

"ಯಾರು ಕೈ ಹಾಕಿದ್ದು ಇದಕ್ಕೆ?"

ಮನೋಲ್ ತನ್ನ ಬೂಟು ನೋಡ್ಕೊಂಡ. ತಾಯಿಗೆ ಅಷ್ಟು ಸಾಕಾಯ್ತು.

"ಇದರ ಜೊತೆ ನಾನು ಹಾಡಲ್ಲ," ಅಂದಳು ಮುದುಕಿ. "ಹುಡುಗಿ ಒಳಗೇ ಇರ್ಲಿ."

ಬಾವುಟದೋನು ಬಾವುಟ ಇಳಿಸಿ ಹಣೆ ಒರೆಸ್ಕೊಂಡ. ಗಂಡಿನ ತಾಯಿ ಏನಾಯ್ತು ಏನಾಯ್ತು ಅಂತ ಪಕ್ಕದೋರನ್ನ ಕೇಳಿದಳು, ಯಾರೋ ತೂತು ದೊಡ್ಡದಾಯ್ತಂತೆ ಅಂದರು, ಪಾಪ ಅವಳಿಗೆ ಇನ್ನೂ ಗಾಬರಿ. ಮನೋಲ್ ಮುಂದೆ ಬಂದು, ಅಮ್ಮ, ನಾಲ್ಕು ಜನರ ಮುಂದೆ ಹಟ ಬೇಡ, ಒಂದು ಎಳೆ ಮೇಲೆ ಹಾಡಿದ್ರೆ ಆಯ್ತು ಅಂದ. ಮುದುಕಿ ಅವನ ಕಡೆ ತಿರುಗಿಯೂ ನೋಡ್ಲಿಲ್ಲ. ಮುಸುಕಿನ ಒಳಗಿಂದ ರೂಸಾ ಮಾತ್ರ ಹಲ್ಲು ಕಚ್ಕೊಂಡು ಹೇಳಿದ್ದು ರಾಯ್ಚೋಗೆ ಕೇಳಿಸ್ತು.

"ಅಪ್ಪಾ, ಏನಾದ್ರೂ ಮಾಡು. ಅಜ್ಜಿ ಹಾಡದೆ ನಾನು ಹೋಗಲ್ಲ. ನಿಮ್ಮಿಬ್ಬರ ಜಗಳಕ್ಕೆ ನಾನು ಬೆಪ್ಪಿ ಥರ ನಿಲ್ಲೋದೂ ಇಲ್ಲ."

ರಾಯ್ಚೋ ತಿತ್ತಿ ಮತ್ತೆ ತುಂಬಿದ. ಮೇಣದ ಚೂರು ಉಗುರಲ್ಲಿ ಕೆರೆದು ಬಿಸಾಕಿದ. ಆಮೇಲೆ ತೋರುಬೆರಳನ್ನ ಆ ತೂತಿನ ಮೇಲೆ ಅರ್ಧ ಮುಚ್ಚಿ ಇಟ್ಟ, ಬಾಗಿಲು ಓರೆ ಮಾಡಿದ ಹಾಗೆ. ಒತ್ತಿದ. ಸ್ವರ ನಡುಗಿ ನಡುಗಿ ಕೆಳಗಿಳಿದು, ಮೆಟ್ಟಿಲ ಮೇಲೆ ಬಂದು ನಿಂತಿತು. ಇತ್ತು, ಸತ್ತಿರಲಿಲ್ಲ.

ಆದರೆ ಅದಕ್ಕೆ ತೆತ್ತ ಬೆಲೆ ಬಾರಿಸೋರಿಗೇ ಗೊತ್ತು. ತಿತ್ತಿಯ ಗಾಳಿ ನಿಲ್ಲೋದೇ ಇಲ್ಲ ನೋಡಿ. ಕೊಳಲಿನ ಹಾಗೆ ನಾಲಿಗೆಯಲ್ಲಿ ಕಡಿಯೋಕಾಗಲ್ಲ. ಒಂದೇ ಸ್ವರ ಎರಡು ಸಲ ಕೇಳಿಸಬೇಕಂದ್ರೆ ಮಧ್ಯೆ ಬೆರಳಲ್ಲಿ ಒಂದು ಏಟು ಕೊಟ್ಟು ಸೀಳಬೇಕು. ಕೊಂಕು, ನಡುಕ, ಬಿಕ್ಕು ಎಲ್ಲ ಆ ಏಟುಗಳೇ. ರಾಯ್ಚೋನ ಮನೆತನದ ಏಟು ಇದ್ದದ್ದು ಅದೇ ತೋರುಬೆರಳಲ್ಲಿ. ಕಣ್ಣು ಮುಚ್ಕೊಂಡು ಕೇಳಿದ್ರೂ ಮೂರು ಹಳ್ಳಿ ಆಚೆಯೋರು, ಇದು ಇಂಥಾ ಮನೆಯೋರ ಕೈ ಅಂತ ಹೇಳ್ತಿದ್ದರು. ಈಗ ಆ ಬೆರಳು ಗೋಡೆಗೆ ಒರಗಿಸಿದ ಕಾವಲುಗಾರನ ಹಾಗೆ ತೂತಿನ ಮೇಲೇ ನಿಂತುಬಿಟ್ಟಿತ್ತು. ಅಲ್ಲಾಡಿಸೋ ಹಾಗಿಲ್ಲ. ಅಲ್ಲಾಡಿದ್ರೆ ಸ್ವರ ಹೋಯ್ತು. ಅವನು ಬಾರಿಸ್ದ, ಬೋಳಾಗಿ ಬಾರಿಸ್ದ. ಎಲೆ ಉದುರಿದ ಮರದ ಹಾಗೆ ಬರೀ ಕೊಂಬೆ. ಪ್ರತಿ ಸಲ ಏಟು ಬೀಳಬೇಕಾದ ಜಾಗದಲ್ಲಿ ಬೆರಳು ತಾನಾಗೇ ಎಗರೋಕೆ ನೋಡ್ತಿತ್ತು, ಅವನು ಹಿಡಿದು ಒತ್ತಿಡ್ತಿದ್ದ. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬ್ತು.

ಆಗ ಶಿಂಕಾ ಬಾಯಿ ತೆರೆದಳು.

ಮೊದಲ ಸಾಲಲ್ಲೇ ಮುದುಕಿಗೆ ಗೊತ್ತಾಗಿತ್ತು, ಮಗನ ಬೆರಳು ಕಟ್ಟಿಹಾಕಿದ್ದಾರೆ ಅಂತ. ಗೈದಾ ಎಲ್ಲೆಲ್ಲಿ ಏಟು ಕೊಡ್ಬೇಕಿತ್ತೋ ಅಲ್ಲಲ್ಲಿ ಅವಳು ಗಂಟಲಲ್ಲಿ ಕೊಟ್ಟಳು. ಬಿಕ್ಕು ಬಿದ್ದ ಜಾಗಕ್ಕೆ ಬಿಕ್ಕು, ಕೊಂಕಿದ ಜಾಗಕ್ಕೆ ಕೊಂಕು. ಗಂಡ ಬದುಕಿದ್ದಾಗ ಅವನ ಬೆರಳು ಹೇಗೆ ಹೊಡೀತಿತ್ತೋ ಹಾಗೇ. ಉಸಿರು ಸಾಲ್ತಿರಲಿಲ್ಲ, ಸಾಲಿನ ಮಧ್ಯೆ ಕೆಮ್ಮು ಬಂತು, ನುಂಗಿಕೊಂಡಳು, ಬಿಡಲಿಲ್ಲ. ಹಾಡು ಮುಗಿದಾಗ ರೂಸಾ ಬಲಗಾಲು ಆಚೆ ಇಟ್ಟಳು, ಬಗ್ಗಿ ಅಜ್ಜಿ ಕೈಗೆ ಮುತ್ತಿಟ್ಟಳು, ಅಳ್ತಾ ಅಳ್ತಾ ಹೋದಳು. ಆಗಬೇಕಾದದ್ದು ಆಯ್ತು.

ಆಮೇಲೆ ನೋಡಿ, ಸಿಟ್ಟು ನೆತ್ತಿಗೇರೋ ವಿಷಯ. ಜನ ಬಂದು ರಾಯ್ಚೋನ ಬೆನ್ನು ತಟ್ಟಿದ್ರು. ಇಷ್ಟು ಚೆನ್ನಾಗಿ ನೀನು ಯಾವತ್ತೂ ಬಾರಿಸಿಲ್ಲ ಅಂದ್ರು. ಎಷ್ಟು ಶುದ್ಧ, ಎಷ್ಟು ಸರಳ ಅಂದ್ರು. ಆ ಕ್ಲಾರಿನೆಟ್‌ನೋನು ಎದ್ದು ಬಂದು ಕೈ ಕುಲುಕಿ ಹೋದ. ಅದನ್ನೆಲ್ಲ ನೋಡಿ ಮನೋಲ್ ಮುಖ ಊರಗಲ ಅರಳಿತು. ಹೆಂಡದ ಎರಡು ಲೋಟ ತಗೊಂಡು ಅಣ್ಣನ ಹತ್ರ ಬಂದ.

"ಕಂಡ್ಯಾ ಅಣ್ಣ? ಕಸ ಎಲ್ಲ ಗುಡಿಸಿದ್ರೆ ಹೀಗಿರುತ್ತೆ ಅಂತ ನಾನು ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ."

ರಾಯ್ಚೋ ಲೋಟ ಇಸ್ಕೊಳ್ಳಲಿಲ್ಲ. ತಮ್ಮನ ಮುಖಾನೇ ದುರುಗುಟ್ಟಿ ನೋಡ್ದ. ಹೊಡೀತಾನೆ ಅಂತ ದೋನ್ಕಾ ಅಡುಗೆ ಮನೆ ಬಾಗಿಲಲ್ಲಿ ಸೌಟು ಹಿಡ್ಕೊಂಡು ನಿಂತುಬಿಟ್ಟಳು. ಅವನು ಹೊಡೀಲಿಲ್ಲ.

"ನನ್ನ ಬೆರಳು ಹೇಳಬೇಕಿದ್ದದ್ದನ್ನೆಲ್ಲ ಇವತ್ತು ಅಮ್ಮ ತನ್ನ ಎದೆ ಹರಿದು ಹೇಳಿದಳು," ಅಂದ. "ನೀನು ಗುಡಿಸಿ ಹಾಕಿದ್ದನ್ನ ಅವಳು ಆಯ್ಕೊಂಡು ಹಾಡಿದಳು. ನಿಂಗೆ ಅದೂ ಕೇಳಿಸ್ಲಿಲ್ಲ. ಅವಳು ಹೋದ ಮೇಲೆ ಯಾರು ಹಾಡ್ತಾರೋ? ನಿನ್ನ ಸಿಪಾಯಿ ಮಕ್ಕಳಾ?"

ಮನೋಲ್ ಇನ್ನೊಂದು ಕೊಳವೆ ಮಾಡಿಸಿಕೊಡ್ತೀನಿ ಅಂತ ಶುರು ಮಾಡ್ದ, ಒಳ್ಳೇ ಮರ ಇದೆ ಅಂದ, ಅಳತೆ ಇದೆ ಅಂದ. ಯಾವ ಅಳತೆ ಅಂತ ರಾಯ್ಚೋ ಕೇಳಿದ. ನೀನು ಕೊರೆಯೋಕೆ ಮುಂಚೆ ಇದ್ದ ಅಳತೆ ಎಲ್ಲಿದೆ ಹೇಳು ಅಂದ. ಮನೋಲ್ ಕೈಯಲ್ಲಿ ಎರಡು ಲೋಟ, ಯಾವುದನ್ನ ಕೆಳಗಿಡಬೇಕು ಅಂತಲೂ ಗೊತ್ತಾಗದೆ ನಿಂತಿದ್ದ.

ಶಿಂಕಾ ಕುರ್ಚಿಯಿಂದ ಎದ್ದಿರಲಿಲ್ಲ. ಬಾರೋ ಇಲ್ಲಿ ಅಂತ ಚಿಕ್ಕ ಮಗನ್ನ ಕರೆದಳು. ಮಾತಾಡೋಕೂ ಕಷ್ಟ ಆಗೋ ಹಾಗೆ ಅವಳ ಗಂಟಲು ಒಡೆದು ಹೋಗಿತ್ತು. ಅವನನ್ನ ಹೊಸ್ತಿಲ ಮೇಲೆ, ತನ್ನ ಕಾಲ ಬುಡದಲ್ಲಿ ಕೂರಿಸ್ಕೊಂಡಳು. ಗೈದಾ ಬೇಡ, ಹೊಸ್ತಿಲ ಹಾಡನ್ನ ಬಾಯಲ್ಲಿ ಹಾಡು ಅಂದಳು. ಅಮ್ಮ, ನಂಗೆ ಹಾಡೋಕೆ ಬರಲ್ಲ, ಎಲ್ರೂ ಇದ್ದಾರೆ ಅಂದ. ಎಲ್ರೂ ಇರ್ಲಿ, ನೀನು ಕೊರೆದದ್ದನ್ನ ಎಲ್ರೂ ಕೇಳಿಲ್ವಾ ಅಂದಳು.

ಹಾಡ್ದ. ನೆಟ್ಟಗೆ ಹೋಗಿ ಮೇಲಿನ ಮನೇಲಿ ಕೂತ. ಮುದುಕಿ ಅವನ ಮಂಡೆಗೆ ಒಂದು ಮೊಟಕಿದಳು. ಇನ್ನೊಂದ್ಸಲ ಅಂದಳು. ಹಾಡ್ದ, ಈ ಸಲ ಕೆಳಗಿನ ಮನೆಗೆ ಜಾರಿ ಬಿದ್ದ. ಇನ್ನೊಂದು ಮೊಟಕು. ಪೇಟೆ ಹೆಂಗಸರು ಬಾಯಿಗೆ ಕೈ ಇಟ್ಕೊಂಡು ನಗ್ತಿದ್ರು. ಶಾಲೆ ಮೇಷ್ಟ್ರು, ಇಸ್ತ್ರಿ ಅಂಗಿ, ಕಿವಿ ಕೆಂಡದ ಹಾಗೆ ಕೆಂಪು. ಮತ್ತೆ ಹಾಡ್ದ, ಮತ್ತೆ ಮೇಲೆ.

ಅಷ್ಟರಲ್ಲಿ ಬೇಲಿ ಹತ್ರ ಅಕಾರ್ಡಿಯನ್ ಶುರುವಾಯ್ತು, ಕುಣಿಯೋರು ಕೈ ಕೈ ಹಿಡ್ಕೊಂಡು ಸಾಲು ಕಟ್ಟಿದ್ರು. ಗೈದಾ ಎಲ್ಲಿ, ಗೈದಾ ಎಲ್ಲಿ ಅಂತ ಕೂಗಿದ್ರು. ರಾಯ್ಚೋ ಹೋಗಲಿಲ್ಲ. ಗೈದಾನ ಮಡಿಲಲ್ಲಿ ಹಾಕ್ಕೊಂಡು, ತಮ್ಮನಿಗೆ ಬೆನ್ನು ಮಾಡಿ, ಮೇಜಿನ ತುದೀಲಿ ಕೂತ. ಮಾಂಸ ಹರಿದು ಬಾಯಿಗಿಟ್ಟ, ಅಗಿದ, ರುಚಿ ಹತ್ತಲಿಲ್ಲ. ಅವನ ಸಿಟ್ಟು ಇವತ್ತಿಗೆ ಇಳಿಯೋ ಸಿಟ್ಟಲ್ಲ. ಈ ವರ್ಷಕ್ಕೂ ಇಳಿಯಲ್ಲ.

ಬೆನ್ನ ಹಿಂದೆ ಮನೋಲ್ ಮತ್ತೆ ದನಿ ಎತ್ತಿದ. ಮತ್ತೆ ಮೇಲಕ್ಕೆ ತಪ್ಪಿದ. ಮುದುಕಿಗೆ ಕೆಮ್ಮು ಹತ್ಕೊಂಡು ಮಾತು ಬರಲಿಲ್ಲ, ಸುಮ್ಮನೆ ಕೈ ಅಲ್ಲಾಡಿಸಿದಳು.

"ಇಳಿಸೋ, ಕತ್ತೆ," ಅಂದ ರಾಯ್ಚೋ, ತಿರುಗಿ ನೋಡದೆ. "ಇನ್ನೂ ಸ್ವಲ್ಪ ಇಳಿಸು."