ಕಸದ ಬುಟ್ಟಿ ಇಲ್ಲದ ಮನೆ

"ದಿನಾ ಯಾವ ಮಾತ್ರೆ ತಗೊಳ್ತಿದ್ರು? ಹೆಸ್ರು ಗೊತ್ತಿಲ್ಲಾಂದ್ರೆ ಖಾಲಿ ಸ್ಟ್ರಿಪ್ ಆದ್ರೂ ತನ್ನಿ," ಎಂದರು ಡಾಕ್ಟರು.

ಕೋಮಲ ದಿನಾ ಮಾತ್ರೆ ತೆಗೆದುಕೊಳ್ಳುತ್ತಾಳೆಂಬುದೇ ನಾಗಶ್ರೀಗೆ ಗೊತ್ತಿರಲಿಲ್ಲ. ಕೊಳ್ಳೇಗಾಲದ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಜೊತೆಗಿದ್ದ, ಸೊಸೈಟಿ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ಬೆಳಿಗ್ಗೆ ಅಡುಗೆಮನೆಯಲ್ಲಿ ಧೊಪ್ಪನೆ ಬಿದ್ದು ಕೈಕಾಲು ಬಡಿಯತೊಡಗಿದ್ದಳು. ಎಲ್ಲರೂ ಮಾಡುವಂತೆ ನಾಗಶ್ರೀ ಅವಳ ಅಂಗೈಗೆ ಬೀಗದ ಕೈ ತುರುಕಿದಳು. ಏನೂ ಪ್ರಯೋಜನವಾಗಲಿಲ್ಲ. ಆಸ್ಪತ್ರೆ ಸೇರುವಷ್ಟರಲ್ಲಿ ಇನ್ನೆರಡು ಸಲ ಫಿಟ್ಸ್ ಬಂತು.

ಹನೂರಿನಲ್ಲಿದ್ದ ಕೋಮಲಳ ತಾಯಿ ಚನ್ನಾಜಮ್ಮನಿಗೆ ಫೋನ್ ಮಾಡಿದಳು.

"ಚಿಕ್ಕುಡುಗೀಲಿಂದ್ಲೂ ಐತೆ ಕಣವ್ವಾ. ಅದೇನೋ ಬಿಳೀ ಮಾತ್ರೆ, ಎಸ್ರು ನಂಗೇನ್ ಗೊತ್ತು? ಈಗ್ಲೇ ಬಸ್ ಅತ್ತೀನಿ. ನಿನ್ ದಮ್ಮಯ್ಯ, ಗಂಡಿನ್ ಕಡ್ಯೋರ್ಗೆ ಮಾತ್ರ ಏಳ್ಬ್ಯಾಡ."

ಗಂಡು ಬೇರೆ ಯಾರೂ ಅಲ್ಲ, ಮಾಂಬಳ್ಳಿಯ ಉದಯಕುಮಾರ್, ನಾಗಶ್ರೀಯ ಚಿಕ್ಕಪ್ಪನ ಮಗ. ಸಂಬಂಧ ಕುದುರಿಸಿದವಳೂ ಅವಳೇ.

ಆಟೊ ಹಿಡಿದು ಮನೆಗೆ ಓಡಿದಳು. ಹುಡುಕುವುದೆಲ್ಲಿ? ಆ ಮನೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಹೈಸ್ಕೂಲು ಮೇಡಂ ನಾಗಶ್ರೀಯ ಕಟ್ಟುನಿಟ್ಟು ಅಂಥದ್ದು. ಸಿಪ್ಪೆ ಗೊಬ್ಬರದ ಮಡಕೆಗೆ, ದಿನಸಿ ತರಲು ಸ್ವಂತ ಡಬ್ಬಿ, ವಿಧಿಯಿಲ್ಲದೆ ಒಳಗೆ ಬಂದ ಪ್ಲಾಸ್ಟಿಕ್ಕು ಒಂದು ಗಾಜಿನ ಬಾಟಲಿಗೆ. ಆರು ತಿಂಗಳಾದರೂ ತುಂಬದ ಆ ಬಾಟಲಿಯನ್ನು ಬಂದವರಿಗೆಲ್ಲ ಎತ್ತಿ ತೋರಿಸುವುದೇ ಒಂದು ಸಂಭ್ರಮ. ಒಳ್ಳೆಯ ಕೆಲಸವೇ, ಇಲ್ಲವೆನ್ನುವವರು ಯಾರು? ಆದರೆ ಬಾಟಲಿಗೆ ಏನು ಬಿದ್ದರೂ ಯಾರದು, ಯಾತಕ್ಕೆ ಎಂಬ ವಿಚಾರಣೆ ತಪ್ಪುತ್ತಿರಲಿಲ್ಲ. ಕೋಮಲ ಬಂದ ಹೊಸತರಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ಪೊಂದು ಸಿಕ್ಕಾಗ, ಎದುರುಮನೆಯವರ ಮುಂದೆಯೇ ಹಿಡಿದು ಕೇಳಿದ್ದಳು. ಹುಡುಗಿ ಮುಖ ಕೆಂಪಾಗಿಸಿಕೊಂಡು ತಲೆನೋವಿಗೆ ಎಂದಿದ್ದಳು. ಆಮೇಲೆ ಅವಳಿಂದ ಒಂದು ಚೂರೂ ಬೀಳಲಿಲ್ಲ. ಕಲಿತರೆ ಕೋಮಲಳ ಹಾಗೆ ಕಲಿಯಬೇಕು ಎಂದು ನಾಗಶ್ರೀ ಊರೆಲ್ಲ ಹೊಗಳಿದಳು. ಆ ಹೊಗಳಿಕೆ ಮಾಂಬಳ್ಳಿಯವರೆಗೂ ಹೋಗಿ ಮದುವೆ ಮಾತಾಗಿತ್ತು.

ಈಗ ಬಾಟಲಿಯನ್ನು ನೆಲಕ್ಕೆ ಸುರಿದಳು. ಹಾಲಿನ ಪ್ಯಾಕೆಟ್ಟಿನ ತುದಿಗಳು, ಶಾಂಪೂ ಪೊಟ್ಟಣ, ಬಲ್ಬಿನ ಕವರು. ಕೋಮಲಳ ಬ್ಯಾಗು ಕೊಡವಿದಳು. ಕೊನೆಗೆ ಗೊಬ್ಬರದ ಮಡಕೆಗೂ ಮೊಣಕೈವರೆಗೆ ಕೈ ಹಾಕಿ ಕೆದಕಿದಳು. ಒಂದು ಸ್ಟ್ರಿಪ್ಪೂ ಸಿಗಲಿಲ್ಲ. ತಾನು ಇಷ್ಟು ದಿನ ಹೆಮ್ಮೆಪಟ್ಟ ಮನೆಯ ಮೇಲೆ ಅವಳಿಗೆ ಜಿಗುಪ್ಸೆ ಹುಟ್ಟಿತು.

ಬರಿಗೈಯಲ್ಲಿ ವಾಪಸಾದಳು. ಡಾಕ್ಟರು ತಮಗೆ ತೋಚಿದ ಇಂಜೆಕ್ಷನ್ ಕೊಟ್ಟರು. ಫಿಟ್ಸ್ ನಿಲ್ಲುವಷ್ಟರಲ್ಲಿ ಸಂಜೆಯಾಯಿತು. ಮಾರನೆಯ ದಿನ ಕೋಮಲ ಕಣ್ಣು ಬಿಟ್ಟಳು, ಬಲಗೈ ಮಾತ್ರ ಏಳಲಿಲ್ಲ. ಸರಿಹೋಗಬಹುದು, ನೋಡೋಣ ಎಂದರು ಡಾಕ್ಟರು. ಚನ್ನಾಜಮ್ಮ ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮಾತ್ರೆ ಎಲ್ಲಿಟ್ಟಿದ್ದೆ ಕೋಮಲ?" ನಾಗಶ್ರೀ ಕೇಳಿದಳು.

"ಸೊಸೈಟಿ ಆಫೀಸಿನ ಬೀರೂಲಿ ಅಕ್ಕಾ." ಕಚ್ಚಿಕೊಂಡಿದ್ದ ನಾಲಿಗೆ ತೊದಲುತ್ತಿತ್ತು. "ಅಲ್ಲೇ ತಿಂದು, ಖಾಲಿ ಸ್ಟ್ರಿಪ್ನ ಬಸ್‌ಸ್ಟ್ಯಾಂಡಲ್ಲಿ ಬಿಸಾಕ್ತಿದ್ದೆ. ಮೂರ್ ದಿನ ರಜ ಬಂತು, ತರೋದು ಮರ್ತೋಯ್ತು."

"ಮನೇಲೇ ಇಟ್ಕೊಳೋದಲ್ವಾ?"

"ಇಟ್ಕಬೋದಿತ್ತು. ಆ ಖಾಲಿ ಸ್ಟ್ರಿಪ್ನ ಎಲ್ಲಿ ಬಿಸಾಕ್ಲಿ ಅಕ್ಕಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನಿಜವಾಗಿಯೂ ಒಂದು ಜಾಗ ಕೇಳುತ್ತಿದ್ದಳು. ಇಡೀ ಮನೆಯನ್ನು ನೆನೆಸಿಕೊಂಡರೂ ನಾಗಶ್ರೀಗೆ ತೋರಿಸಲು ಒಂದು ಮೂಲೆಯೂ ಸಿಗಲಿಲ್ಲ. ನಾಗಶ್ರೀ ಗೋಡೆ ಕಡೆ ತಿರುಗಿ ಅತ್ತಳು.